ಫರ್ ಅಲ್ಲದ ಟೊಂಗೆ

ನಮ್ಮ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಅದನ್ನು ಅವರು ಓರೆಯಾಗಿ ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಂಡಿದ್ದರು. ತೊಗರಿಕಾಯಿ ಬಿಡಿಸಲು, ಎಕ್ಕೆಯ ಮೊಗ್ಗು ಸೀಳಲು, ನೆನೆಸಿದ ಜೋಳದ ಕಾಳನ್ನು ಎರಡು ಮಾಡಿ ಒಳಗಿನ ಮೊಳಕೆ ತೋರಿಸಲು ಅವರಿಗೆ ಬ್ಲೇಡು ಬೇಕಿರಲಿಲ್ಲ. ಕಂಡ ಕಂಡ ಗಿಡದ ರಸ ಹತ್ತಿ ಹತ್ತಿ ಆ ಉಗುರಿಗೆ ಹಸಿರೂ ಅಲ್ಲದ, ಕಂದೂ ಅಲ್ಲದ ಒಂದು ಬಣ್ಣ ಬಂದಿತ್ತು. ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಎಷ್ಟು ತಿಕ್ಕಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಚಾಚಿ ನಮ್ಮೆದುರಿಗೇ ಗೊಣಗುತ್ತಿದ್ದರು: "ಇವರ ನಿಕಾ ಆಗಿದ್ದು ಗಿಡದ ಜೋಡಿ. ನಾನು ಸುಮ್ಮನ ರೊಟ್ಟಿ ಬಡ್ಯಾಕ ಬಂದಾಕಿ."

ಐವತ್ತರ ದಶಕದ ನಡುವಿನ ಮಾತು. ವಿಜಾಪುರ ಜಿಲ್ಲೆಯ ಇಂಡಿ ಊರಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಪ್ರಯೋಗಶಾಲೆ ಎಂದರೆ ಒಂದು ಕಪಾಟು. ಅದರ ಬಾಗಿಲು ತೆಗೆಯಲು ಒಬ್ಬರು ಒದೆಯಬೇಕು, ಇನ್ನೊಬ್ಬರು ಎಳೆಯಬೇಕು. ಅವರಿಗೆ ಅದರ ಹಂಗಿರಲಿಲ್ಲ. ಕರಿ ಟೊಪ್ಪಿಗೆ, ಬಿಳಿ ಪೈಜಾಮ, ಮೊಣಕೈಗೆ ತೇಪೆ ಹಾಕಿದ ಕೋಟು. ಆ ಕೋಟಿನ ಜೇಬುಗಳೇ ನಮ್ಮ ಪ್ರಯೋಗಶಾಲೆ. ಒಂದರಲ್ಲಿ ನೆಗ್ಗಿಲು ಮುಳ್ಳು, ಇನ್ನೊಂದರಲ್ಲಿ ಉತ್ತರಾಣಿ ಕಡ್ಡಿ, ಒಳಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಯಾವುದೋ ಬೀಜ. ಸುಣ್ಣದ ಕಡ್ಡಿ ತೆಗೆಯಲು ಜೇಬಿಗೆ ಕೈಹಾಕಿ ಮುಳ್ಳು ಚುಚ್ಚಿಸಿಕೊಂಡು "ಹಾಯ್" ಎನ್ನುವುದು ವಾರಕ್ಕೊಮ್ಮೆಯಾದರೂ ಇದ್ದದ್ದೇ.

ಅವರ ಪಾಠಕ್ಕೆ ಎರಡೇ ಸೂತ್ರ. ಮೊದಲನೆಯದು: "ಹೆಸರು ಆಮ್ಯಾಲ ಕೇಳ್ರಿ, ಮೊದಲ ಮೈ ಮುಟ್ಟಿ ನೋಡ್ರಿ. ಕಣ್ಣು ಮೋಸ ಹೋಗ್ತೈತಿ, ಬೆರಳು ಹೋಗೂದಿಲ್ಲ." ಎರಡನೆಯದು: "ನೋಡಿದ್ದನ್ನ ಹೇಳ್ರಿ, ಗೊತ್ತಿದ್ದದ್ದನ್ನ ಹೇಳಬ್ಯಾಡ್ರಿ." ಪ್ರವಾಸಿ ಬಂಗಲೆಯ ಮುಂದೆ ಎರಡು ಸರ್ವೆ ಮರಗಳಿದ್ದವು. ಅವುಗಳ ಸೂಜಿಯಂಥ ಎಲೆ ನೋಡಿ ಊರ ದೊಡ್ಡವರೆಲ್ಲ ಅವನ್ನು ಪೈನ್ ಮರವೆನ್ನುತ್ತಿದ್ದರು. ಮಾಸ್ತರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದೊಂದು ಸೂಜಿಯನ್ನು ಗಂಟು ಗಂಟಾಗಿ ಮುರಿಸಿದರು. ಸೂಜಿ ಎಂದು ಕಂಡದ್ದು ಎಲೆಯಲ್ಲ, ಸಣ್ಣ ಟೊಂಗೆ. ನಿಜವಾದ ಎಲೆ ಪ್ರತಿ ಗಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹಲ್ಲು. ಅಂದು ಮನೆಗೆ ಬಂದು ನಾನು ಅಪ್ಪನಿಗೆ ಇಡೀ ಊರೇ ತಪ್ಪು ಎಂದು ಸಾರಿದೆ. ಅಪ್ಪ, "ಊರು ಬಿಡು, ಮೊದಲ ಎಮ್ಮಿಗೆ ನೀರು ಕುಡಸು" ಎಂದ.

ಪೈನ್, ಫರ್, ದೇವದಾರುಗಳ ಪಾಠ ಬಂದಾಗ ಮಾತ್ರ ಮಾಸ್ತರರ ಮುಖ ಬಾಡುತ್ತಿತ್ತು. ಹೂವಿಲ್ಲದ, ಹಣ್ಣಿಲ್ಲದ, ಬೀಜವನ್ನು ಬೆತ್ತಲೆಯಾಗಿ, ಕಾಯಿಯಂತೆ ಕಾಣುವ ಶಂಕುವಿನ ಹುರುಪೆಗಳ ನಡುವೆ ಇಟ್ಟುಕೊಳ್ಳುವ ಮರಗಳು. ನಮ್ಮ ಕರಿಮಣ್ಣಿನ ಬಯಲಲ್ಲಿ ಅವನ್ನು ಎಲ್ಲಿಂದ ತರುವುದು? ಮುಟ್ಟದೆ ಕಲಿಸುವುದೆಂದರೆ ಅವರಿಗೆ ಉಪ್ಪಿಲ್ಲದ ಊಟ. ಆ ವರ್ಷ ಅವರು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಾಗದ ಬರೆದರು. ತಾಂಬಾದ ಹುಡುಗ, ಮ್ಯಾಟ್ರಿಕ್ ಮುಗಿಸಿ ಮಿಲ್ಟ್ರಿಗೆ ಸೇರಿ ಸಿಕ್ಕಿಂ ಕಡೆಯ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೆಲಸದಲ್ಲಿದ್ದ. "ಅಲ್ಲಿ ಸೂಜಿ ಎಲೆಯ ಮರವಿದ್ದರೆ ಒಂದು ಟೊಂಗೆ ಕಳಿಸು" ಎಂದು ಬರೆದದ್ದಕ್ಕೆ ಎರಡು ತಿಂಗಳ ಮೇಲೆ ಅರಿವೆಯಲ್ಲಿ ಹೊಲಿದ ಒಂದು ಪಾರ್ಸಲ್ ಬಂತು.

ಇಡೀ ಶಾಲೆ ಸೇರಿತ್ತು. ಮಾಸ್ತರು ಉಗುರಿನಿಂದಲೇ ಹೊಲಿಗೆ ಬಿಚ್ಚಿದರು. ಒಳಗೆ ಒಂದು ಬರಿ ಟೊಂಗೆ, ಅದರಿಂದ ಉದುರಿದ ಒಂದು ಬೊಗಸೆ ಚಪ್ಪಟೆ ಸೂಜಿಗಳು, ಕಳಚಿಬಿದ್ದ ಒಂದು ಶಂಕು. ಶಂಕು ಬಾರಿಹಣ್ಣಿನಷ್ಟಿತ್ತು. ನಮಗೆಲ್ಲ ನಿರಾಶೆ. ಅವರಿಗೆ ಮಾತ್ರ ಹಬ್ಬ. ಒಂದು ಎಲೆಯನ್ನು ತಿರುವಿ ಹಿಡಿದು, "ನೋಡ್ರಿ, ಹೊಟ್ಟಿ ಮ್ಯಾಲ ಎರಡು ಬಿಳಿ ಪಟ್ಟಿ! ಚಪ್ಪಟ ಎಲಿ, ಎರಡು ಬಿಳಿ ಪಟ್ಟಿ ಅಂದ್ರ ಇದು ಫರ್" ಎಂದರು. ಅವರ ಬಳಿ ಇದ್ದ ಒಂದೇ ಪುಸ್ತಕದಲ್ಲಿ ಪೈನ್, ದೇವದಾರು, ಫರ್ ಮೂರರ ಚಿತ್ರಗಳಿದ್ದವು. ಮೂರರಲ್ಲಿ ಅದು ಫರ್‌ಗೇ ಹೊಂದುತ್ತಿತ್ತು.

ಮುಂದಿನ ಎಂಟು ದಿನ ನಾವು ಮಾಡಿದ ಕೆಲಸ ನೆನೆದರೆ ಈಗ ನಗು ಬರುತ್ತದೆ. ಜಾಲಿಯ ಗೋಂದು ಕರಗಿಸಿ, ಉದುರಿದ ಎಲೆಗಳನ್ನು ಒಂದೊಂದಾಗಿ ಚಿತ್ರದಲ್ಲಿದ್ದಂತೆ ಟೊಂಗೆಗೆ ಅಂಟಿಸಿದೆವು. ಬುಡದ ಕಡೆ ಎಲೆ ಸಾಲದೆ ಒಂದು ಗೇಣು ಬರಿದೇ ಉಳಿಯಿತು. ಶಂಕುವನ್ನು ಪುಸ್ತಕದಲ್ಲಿದ್ದ ಹಾಗೆ ಟೊಂಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ದಾರದಿಂದ ಕಟ್ಟಿದೆವು. ದಾರ ಹಿಡಿದವಳು ನಾನೇ. ಹೆಣ್ಣುಮಕ್ಕಳ ಬೆರಳು ಸಣ್ಣವೆಂದು ನನಗೆ ಆ ಮಾನ ಸಿಕ್ಕಿತ್ತು. ಪುಸ್ತಕದ ಶಂಕು ಅಂಗೈ ಉದ್ದ ಇದೆಯಲ್ಲ ಎಂದು ಯಾರೋ ಕೇಳಿದಾಗ ಮಾಸ್ತರು, "ಇದಿನ್ನೂ ಎಳೇದು" ಎಂದರು. ಬಿಳಿ ಅರಿವೆಯ ಮೇಲೆ ಹೊಲಿದು, ಗಾಜಿನ ಚೌಕಟ್ಟು ಹಾಕಿಸಿ, ಕೆಳಗೆ ಚೀಟಿ ಅಂಟಿಸಿದರು: "ಫರ್. ಹಿಮಾಲಯ. ಈ ಶಾಲೆಯ ವಿದ್ಯಾರ್ಥಿ ಕಳಿಸಿದ್ದು." ಹೆಡ್ ಮಾಸ್ತರರ ಕೋಣೆಯ ಗೋಡೆಗೆ ಅದು ಏರಿತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳಿಂದ ಮಾಸ್ತರಗಳು ಹುಡುಗರನ್ನು ಕಟ್ಟಿಕೊಂಡು ನೋಡಲು ಬರುತ್ತಿದ್ದರು. ಯಾರು ಬಂದರೂ ನಮ್ಮ ಮಾಸ್ತರು ಶಂಕುವಿನ ಕಡೆ ಬೆರಳು ಮಾಡಿ ಹೇಳುತ್ತಿದ್ದರು: "ಮರೀಬ್ಯಾಡ್ರಿ, ಫರ್ ಗಿಡದ ಶಂಕು ದೀಪದಾಂಗ ಮ್ಯಾಲ ನಿಂತಿರ್ತೈತಿ."

ನಾನು ಮ್ಯಾಟ್ರಿಕ್ ಮುಗಿಸಿದಾಗ ಅಪ್ಪ ಗಂಡು ನೋಡುವ ಮಾತೆತ್ತಿದ. ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮಾಸ್ತರು ಮೂರು ಸಲ ಅಂಗಡಿಗೆ ಬಂದರು. ಎರಡು ಸಲ ಅಪ್ಪ ಚಹಾ ಕುಡಿಸಿ ಮಾತು ಮರೆಸಿ ಕಳಿಸಿದ. ಮೂರನೆಯ ಸಲ ಚಹಾ ಕೊಟ್ಟು ನೇರವಾಗಿಯೇ ಕೇಳಿದ: "ಹೆಣ್ಣುಮಗಳು ಗಿಡಗಂಟಿ ಓದಿ ಏನ ಮಾಡ್ತಾಳ್ರಿ ಮಾಸ್ತರ?"

"ನೀವು ಜೀರಗಿ ಚೀಲಕ್ಕ ಕೈ ಹಾಕಿದ ಕೂಡಲೆ ಕಲಬೆರಕಿ ಐತೋ ಇಲ್ಲೋ ಹೇಳ್ತೀರಿ. ಹೌದಲ್ರಿ?"

"ಅದು ನಮ್ಮ ಕಸಬು."

"ಆ ಕೈ ನಿಮ್ಮ ಮಗಳಿಗೆ ಬಂದೈತಿ. ನಿಮ್ಮ ಆಸ್ತಿ ಅದು. ಬ್ಯಾರೆಯವರ ಮನಿ ಒಲಿ ಮುಂದ ಸುಡಬ್ಯಾಡ್ರಿ."

ಅಪ್ಪನಿಗೆ ತನ್ನ ಕೈಯ ಹೊಗಳಿಕೆ ನಾಟಿತೋ, ನನ್ನದು ನಾಟಿತೋ, ಇಂದಿಗೂ ಗೊತ್ತಿಲ್ಲ. ಆ ಜೂನಿನಲ್ಲಿ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಅವನೇ ನನ್ನನ್ನು ರೈಲು ಹತ್ತಿಸಿದ. ಮೊದಲು ವಿಜಾಪುರ, ಆಮೇಲೆ ಧಾರವಾಡ. ನಾನು ಸಸ್ಯಶಾಸ್ತ್ರ ಓದಿದೆ. ನನ್ನ ಬದುಕು ಎಂದು ಈಗ ಯಾವುದನ್ನು ಕರೆಯುತ್ತೇನೋ ಅದೆಲ್ಲ ಆ ಮೂರನೆಯ ಚಹಾದಿಂದ ಶುರುವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ್ದನ್ನು ಊರವರು ಕೃತಘ್ನತೆ ಎಂದರು.

ಧಾರವಾಡದ ಕಾಲೇಜಿನಲ್ಲಿ ಒಣಗಿಸಿ ಹಾಳೆಗೆ ಹಚ್ಚಿದ ಗಿಡಗಳ ದೊಡ್ಡ ಸಂಗ್ರಹವಿತ್ತು. ಕೊನೆಯ ವರ್ಷ ನಮ್ಮ ಪ್ರೊಫೆಸರರು ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಎರಡರಲ್ಲೂ ಚಪ್ಪಟೆ ಎಲೆ, ಎರಡರಲ್ಲೂ ಹೊಟ್ಟೆಯ ಮೇಲೆ ಬಿಳಿ ಪಟ್ಟಿ. ಒಂದು ಫರ್, ಇನ್ನೊಂದು ಹೆಮ್ಲಾಕ್. ಎಲೆ ಉದುರಿದ ಜಾಗವನ್ನು ಸವರಿ ನೋಡಲು ಹೇಳಿದರು. ಫರ್ ಟೊಂಗೆ ನುಣುಪು; ಎಲೆ ಇದ್ದ ಕಡೆ ದುಂಡನೆಯ ಗುರುತು ಮಾತ್ರ. ಹೆಮ್ಲಾಕಿನದು ಒರಟು, ಪ್ರತಿ ಎಲೆಗೂ ಒಂದು ಮೊಟಕು ತೊಟ್ಟು, ಆ ತೊಟ್ಟಿಗೆ ಟೊಂಗೆಯ ಮೇಲೊಂದು ಸಣ್ಣ ಗೂಟ, ಎಲೆ ಬಿದ್ದರೂ ಗೂಟ ಉಳಿಯುತ್ತದೆ. ಹೆಮ್ಲಾಕ್ ಒಣಗಿದರೆ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ ಎಂದರು. ಫರ್‌ನ ಶಂಕು ಮೇಲೆ ನಿಲ್ಲುತ್ತದೆ, ಬಲಿತಾಗ ಮರದ ಮೇಲೆಯೇ ಹುರುಪೆ ಹುರುಪೆಯಾಗಿ ಬಿಚ್ಚಿಹೋಗುತ್ತದೆ, ಇಡಿಯಾಗಿ ಕೈಗೆ ಸಿಗುವುದು ಅಪರೂಪ. ಹೆಮ್ಲಾಕಿನದು ಚಿಕ್ಕದು, ಟೊಂಗೆಯ ತುದಿಯಿಂದ ಜೋತು ಬೀಳುತ್ತದೆ, ಇಡಿಯಾಗಿಯೇ ಉದುರುತ್ತದೆ.

ನನ್ನ ಬೆರಳು ಆ ಒರಟನ್ನು ಗುರುತಿಸಿತು. ಎಂಟು ದಿನ ಗೋಂದು ಹಚ್ಚುತ್ತ ಸವರಿದ ಒರಟು ಅದು. ಪ್ರೊಫೆಸರರು ಮುಂದೆ ಏನು ಹೇಳಿದರೋ ನಾನು ಕೇಳಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದಾಗ ಮಾಸ್ತರರ ನಿವೃತ್ತಿಗೆ ಒಂದೂವರೆ ತಿಂಗಳಿತ್ತು. ಅಪ್ಪನಿಗೆ ವಿಷಯ ಹೇಳಿದೆ. ಅವನು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ. "ಸುಮ್ಮನಿರು. ಇಷ್ಟು ವರ್ಷ ಆ ಒಂದು ಟೊಂಗಿ ಹಿಡಕೊಂಡು ಹಿಗ್ಗಿದ ಮನುಷ್ಯಾ. ಮನಿಗಿ ಹೋಗೂ ಹೊತ್ತಿನಾಗ ಅದನ್ನೂ ಕಸಕೋತೀ ಏನು? ಅವರು ಕಲಿಸಿದ ವಿದ್ಯಾ ಅವರ ಮ್ಯಾಲ ತಿರುವತೀ?"

ಎರಡು ದಿನ ಸುಮ್ಮನಿದ್ದೆ. ಆದರೆ ಸುಮ್ಮನಿದ್ದರೆ ಏನಾಗುತ್ತದೆ ಎಂಬುದೂ ಕಾಣುತ್ತಿತ್ತು. ಅವರು ಹೋದ ಮೇಲೂ ಆ ಚೌಕಟ್ಟು ಅಲ್ಲಿಯೇ ಇರುತ್ತದೆ. ಎಂದಾದರೂ ಒಬ್ಬ ತಿಳಿದವನು ಬಂದು ನೋಡಿ ನಗುತ್ತಾನೆ. ಅವರ ಮೇಲೆ, ಅವರಿಲ್ಲದಾಗ. ಅದನ್ನು ನಾನು ಸಹಿಸಲಾರದಾದೆ. ಮೂರನೆಯ ದಿನ ಮುಂಜಾನೆ ಅವರ ಮನೆಗೆ ಹೋದೆ.

ಕಟ್ಟೆಯ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಹೇಳಬೇಕಾದ್ದನ್ನು ಉರು ಹೊಡೆದುಕೊಂಡು ಹೋಗಿದ್ದೆ, ಆದರೆ ಬಾಯಿಂದ ಬಂದದ್ದು ಇಷ್ಟೇ: "ಸರ, ನಮ್ಮ ಫರ್ ಫರ್ ಅಲ್ರಿ."

ಅವರು ಕನ್ನಡಕ ತೆಗೆದರು. "ಮತ್ತೇನು?"

"ಹೆಮ್ಲಾಕ್ ಅಂತ. ಬ್ಯಾರೆ ಕುಲ."

"ಏನ ನೋಡಿ ಹೇಳ್ತಿ?"

ಹೇಳಿದೆ. ಅವರು ಎದ್ದು, ಟೊಪ್ಪಿಗೆ ಹಾಕಿಕೊಂಡು, ಶಾಲೆಯ ಕಡೆ ನಡೆದರು. ನಾನು ಹಿಂದೆ. ಚೌಕಟ್ಟನ್ನು ಇಳಿಸಿ ಹಿಂದಿನ ಮೊಳೆ ಕಿತ್ತರು. ಎಲೆ ಸಾಲದೆ ಬರಿದಾಗಿ ಬಿಟ್ಟಿದ್ದ ಆ ಗೇಣುದ್ದದ ಮೇಲೆ ಬೆರಳು ಆಡಿಸಿದರು. ಒಮ್ಮೆ, ಎರಡನೆಯ ಸಲ, ಮೂರನೆಯ ಸಲ. ನನಗೆ ಅಲ್ಲಿಂದ ಓಡಿಹೋಗೋಣ ಎನಿಸಿತ್ತು.

"ಒರಟ ಐತಿ" ಎಂದರು. "ಅವತ್ತೂ ಒರಟ ಇತ್ತು. ನನಗ ಗೊತ್ತಾಗಿತ್ತು. ಒಣಗಿ ಹಂಗಾಗೈತಿ ಅನಕೊಂಡೆ."

ನಾನು ಸಮಾಧಾನ ಹೇಳಲು ಹೋದೆ. ಈ ಮರವನ್ನು ದೊಡ್ಡ ಪಂಡಿತರೇ ಮೊದಲು ಪೈನ್ ಗುಂಪಿಗೆ ಹಾಕಿದ್ದರು, ಆಮೇಲೆ ಫರ್ ಗುಂಪಿಗೆ ತಂದರು, ಕೊನೆಗೆ ಅದಕ್ಕೇ ಬೇರೆ ಕುಲ ಮಾಡಿ ತ್ಸುಗ ಎಂಬ ಜಪಾನಿ ಹೆಸರಿಟ್ಟರು, ನಿಮ್ಮೊಬ್ಬರದೇ ತಪ್ಪಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. "ಅವರು ಗಿಡಾ ನೋಡಿ ಹೆಸರು ಬದಲಿಸಿದ್ರು. ನಾ ಹೆಸರು ನೋಡಿ ಗಿಡಾ ಬದಲಿಸೀನಿ. ಎರಡೂ ಒಂದ ಏನು?"

ಮನೆಗೆ ಹಿಂತಿರುಗಿ ತಗಡಿನ ಪೆಟ್ಟಿಗೆ ತೆಗೆದು ಅವರು ಒಂದು ಹಳೆಯ ಕಾಗದ ಹುಡುಕಿದರು. ಪಾರ್ಸಲಿನ ಜೊತೆ ಆ ತಾಂಬಾದ ಹುಡುಗ ಬರೆದದ್ದು. ನಮಗೆ ಯಾರಿಗೂ ಅದನ್ನು ಅವರು ತೋರಿಸಿರಲಿಲ್ಲ. ನನ್ನ ಕೈಗೆ ಕೊಟ್ಟು ಓದು ಎಂದರು. "ಸರ್, ಈ ಗಿಡದ ಕಾಯಿಗಳು ಟೊಂಗೆಯ ತುದಿಗೆ ಝುಮಕಿಯಂತೆ ಜೋತು ಬಿದ್ದಿರುತ್ತವೆ, ನೋಡಲು ಬಹಳ ಚಂದ" ಎಂದಿತ್ತು.

"ಇದಕ್ಕ ನಾ ಏನ ಬರದೆ ಗೊತ್ತೈತಿ ಏನು? ಕಾಯಿ ಅನಬ್ಯಾಡ, ಶಂಕು ಅನ್ನು. ಮತ್ತ ಫರ್ ಗಿಡದ ಶಂಕು ಮ್ಯಾಲ ನಿಂತಿರ್ತಾವ, ನೀ ಸರಿಯಾಗಿ ನೋಡಿಲ್ಲ, ಅಂತ. ಗಿಡದ ಬುಡಕ ನಿಂತಾಂವ ಅವನು. ಇಂಡಿ ಊರಾಗ ಕೂತಾಂವ ನಾನು."

ಅಂದೇ ಮಧ್ಯಾಹ್ನ ಅವರು ಅಂಚೆ ಕಾರ್ಡು ತರಿಸಿದರು. ಹಾಜರಿ ಪುಸ್ತಕಗಳನ್ನು ಹರಡಿಕೊಂಡು, ಆ ಚೌಕಟ್ಟನ್ನು ತೋರಿಸಿ ಪಾಠ ಹೇಳಿದ್ದ ಪ್ರತಿ ವಿದ್ಯಾರ್ಥಿಯ ವಿಳಾಸ ಹುಡುಕಿ ಬರೆಯತೊಡಗಿದರು. ಎಲ್ಲಕ್ಕೂ ಒಂದೇ ಒಕ್ಕಣೆ: "ನಮ್ಮ ಶಾಲೆಯಲ್ಲಿರುವುದು ಫರ್ ಅಲ್ಲ, ಹೆಮ್ಲಾಕ್. ಅದರ ಶಂಕು ಜೋತು ಬೀಳುತ್ತದೆ. ನಾನು ತಪ್ಪು ಕಲಿಸಿದ್ದೆ. ತಿದ್ದಿಕೊಳ್ಳಿರಿ." ವಿಳಾಸ ಬರೆಯುವ ಕೆಲಸ ನನ್ನದು. ಚಾಚಿ ಚಹಾ ತಂದಿಟ್ಟು, "ಮದವಿ ಕಾಗದ ಬರದಾಂಗ ಬರಿಯಾಕತ್ತಾರ ನೋಡು, ತಪ್ಪಿನ ಮದವಿ" ಎಂದು ನಕ್ಕರು. ಊರಲ್ಲಿ ಮಾತು ಹಬ್ಬಿತು. ಕಲಿತ ಹುಡುಗಿ ಬಂದು ಮುದುಕ ಮಾಸ್ತರರ ಮೂಗು ಕೊಯ್ದಳು ಎಂದರು. ಅಪ್ಪ ಎಂಟು ದಿನ ನನ್ನ ಜೊತೆ ಮಾತು ಬಿಟ್ಟ.

ಮರುಟಪಾಲಿನಲ್ಲಿ ಬಂದ ಉತ್ತರಗಳನ್ನು ಮಾಸ್ತರು ನನಗೆ ಓದಿ ಹೇಳುತ್ತಿದ್ದರು. ಬಸವನ ಬಾಗೇವಾಡಿಯಲ್ಲಿ ವಕೀಲನಾಗಿದ್ದವನೊಬ್ಬ, ಹೆಮ್ಲಾಕ್ ಎಂದರೆ ವಿಷವಲ್ಲವೇ, ಶಾಲೆಯಲ್ಲಿ ಇಡುವುದು ಕಾನೂನಿಗೆ ಸರಿಯೇ ಎಂದು ಕೇಳಿದ್ದ. ಆ ವಿಷ ಬೇರೊಂದು ಹೂಬಿಡುವ ಗಿಡದ್ದು, ಈ ಮರ ನಿರುಪದ್ರವಿ ಎಂದು ಅವನಿಗೆ ಎರಡನೆಯ ಕಾರ್ಡು ಹೋಯಿತು. ಮನಗೂಳಿಯ ಅಡತಿ ಅಂಗಡಿಯವನ ಉತ್ತರ ಎಲ್ಲಕ್ಕಿಂತ ಪ್ರಾಮಾಣಿಕವಾಗಿತ್ತು: "ಸರ್, ಫರ್ ಎಂದು ನಾನು ಎಂದೂ ನೆನಪಿಟ್ಟಿರಲಿಲ್ಲ. ಆದ್ದರಿಂದ ತಿದ್ದಿಕೊಳ್ಳುವ ತೊಂದರೆಯೂ ಬರಲಿಲ್ಲ." ಮಾಸ್ತರು ಬಿದ್ದು ಬಿದ್ದು ನಕ್ಕರು.

ಒಂದು ಕಾರ್ಡು ಮಾತ್ರ ಬರೆಯದೆ ಉಳಿಯಿತು. ಆ ಸೈನಿಕ ಮಿಲ್ಟ್ರಿ ಬಿಟ್ಟು ತಾಂಬಾಕ್ಕೆ ಬಂದು ಒಕ್ಕಲುತನ ಹಿಡಿದಿದ್ದ. "ಅವಗ ಕಾರ್ಡು ಹಾಕಿ ಕೈ ತೊಳಕೊಳ್ಳಾಕ ಬರೂದಿಲ್ಲ" ಎಂದರು ಮಾಸ್ತರು. "ಬರದು ತಪ್ಪು ಮಾಡೀನಿ. ಹೋಗಿ ತಿದ್ದಬೇಕು." ಅವರಿಗೆ ಆಗಲೇ ಎದೆನೋವು ಶುರುವಾಗಿತ್ತು. ಚಾಚಿ ಬ್ಯಾಡ ಎಂದರು, ಕೇಳಲಿಲ್ಲ. ಕೊನೆಗೆ ಬುರ್ಖಾ ಹಾಕಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ತಾವೂ ಹೊರಟರು. ನನ್ನನ್ನೂ ಕರೆದರು. ಏಪ್ರಿಲ್ ತಿಂಗಳ ಬಿಸಿಲಲ್ಲಿ, ಬಸ್ಸಿನ ಧೂಳಲ್ಲಿ, ಟೊಂಗೆಯ ಚೌಕಟ್ಟನ್ನು ಹಾಸಿಗೆ ಅರಿವೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮಾಸ್ತರು ತಾಂಬಾಕ್ಕೆ ಹೋದರು.

ಅವನು ಹೊಲದಲ್ಲಿದ್ದ. ಬೇವಿನ ಗಿಡದ ಕೆಳಗೆ ಎತ್ತು ಕಟ್ಟಿ, ಕುಂಟೆಯ ದಿಂಡಿಗೆ ಬೆಣೆ ಬಡಿಯುತ್ತಿದ್ದ. ನಮ್ಮನ್ನು ಕಂಡು ಓಡಿಬಂದು ಮಾಸ್ತರರ ಕಾಲು ಮುಟ್ಟಿದ.

"ಇಷ್ಟು ಬಿಸಲಾಗ ಯಾಕ ಬಂದ್ರಿ ಸರ? ಒಂದು ಮಾತು ಹೇಳಿ ಕಳಿಸಿದ್ರ ನಾನ ಬರ್ತಿದ್ದೆ."

"ನೀ ಬರೂದಲ್ಲ ಇದು. ಕೂಡ್ರು." ಮಾಸ್ತರು ಜೇಬಿನಿಂದ ಅವನ ಕಾಗದ ತೆಗೆದರು. "ಕಾಯಿ ಜೋತು ಬಿದ್ದಾವ ಅಂತ ನೀ ಬರದಿದ್ದಿ. ಅದು ಖರೆ ಇತ್ತು. ನಿನ್ನದು ತಪ್ಪು ಅಂತ ನಾ ಬರದಿದ್ದೆ. ಆ ಮಾತು ಹಿಂದಕ್ಕ ತಗೋಳಾಕ ಬಂದೀನಿ."

ಅವನು ಕೈಗೆ ಸಿಕ್ಕ ಮಣ್ಣಿನ ಹೆಂಟೆಯನ್ನು ಪುಡಿ ಮಾಡುತ್ತ ಕೂತ. ಆಮೇಲೆ ನೆಲ ನೋಡುತ್ತಲೇ ಹೇಳಿದ: "ನಿಮ್ಮ ಕಾಗದ ಬಂದ ಮ್ಯಾಲ ಒಂದು ದಿನ ಸೂಟಿ ಕೇಳಿ ಮತ್ತ ಆ ಗಿಡದ ಬುಡಕ ಹೋಗಿದ್ದೆ ರೀ ಸರ. ಎರಡು ತಾಸಿನ ದಾರಿ."

"ಏನ ನೋಡಿದಿ?"

"ಜೋತ ಬಿದ್ದಿದ್ವು. ಎಲ್ಲಾನೂ."

"ಮತ್ತ ನನಗ ಯಾಕ ಬರೀಲಿಲ್ಲ?"

"ನೀವು ಇಲ್ಲ ಅಂದ ಮ್ಯಾಲ ನಾ ಹೆಂಗ ಬರೀಲ್ರಿ?" ಎಂದ ಅವನು. "ನನ್ನ ಕಣ್ಣ ಸರಿ ಇಲ್ಲ ಅನಕೊಂಡೆ. ಆಮ್ಯಾಲ ಗಿಡಾ ನೋಡೂದ ಬಿಟ್ಟೆ. ಎಷ್ಟೋ ಥರದ್ದು ಇದ್ವು ರೀ ಅಲ್ಲೆ. ಒಂದೂ ನೋಡಲಿಲ್ಲ."

ಮಾಸ್ತರು ಆ ಹರಗಿದ ನೆಲದ ಮೇಲೆಯೇ ಕೂತುಬಿಟ್ಟರು. ಚಾಚಿ ಗಾಬರಿಯಾಗಿ ನೀರಿನ ತಂಬಿಗೆ ಹಿಡಿದರು. ಅವರು ಅದನ್ನು ಪಕ್ಕಕ್ಕಿಟ್ಟು ಅವನ ಕೈ ಹಿಡಿದುಕೊಂಡರು. "ನಾ ನಿನಗ ಕಣ್ಣು ಕೊಟ್ಟೆ, ಬಾಯಿ ಕೊಡಲಿಲ್ಲ" ಎಂದರು. "ನೋಡಾಕ ಕಲಸಿದೆ. ನನಗ ಇಲ್ಲ ಅನ್ನಾಕ ಕಲಸಲಿಲ್ಲ. ಟೊಂಗಿಗೆ ತಪ್ಪು ಹೆಸರಿಟ್ಟಿದ್ದು ಸಣ್ಣದು. ಇದು ದೊಡ್ಡದು." ಅವರ ಕಣ್ಣಲ್ಲಿ ನೀರಿತ್ತು. ಒಬ್ಬ ಮಾಸ್ತರು ಶಿಷ್ಯನೆದುರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು, ಅದೇ ಕೊನೆ.

ಅವನು ಇನ್ನೊಂದು ಕೈಯಿಂದ ತಂಬಿಗೆಯನ್ನು ಅವರ ಮುಂದೆ ಸರಿಸಿದ. ಮೆಲ್ಲಗೆ ಕೇಳಿದ, "ಹಂಗಾರ ಈಗ ಅದರ ಹೆಸರೇನ್ರಿ ಸರ?" ಮಾಸ್ತರು ನನ್ನ ಕಡೆ ತೋರಿಸಿ, "ಈಕೀನ್ನ ಕೇಳು. ಈಕಿ ಇಲ್ಲ ಅನ್ನಾಕ ತಾನ ಕಲತಾಳ" ಎಂದರು. ನಾನು ಹೇಳಿದೆ. ಅವನು ತ್ಸುಗ, ತ್ಸುಗ ಎಂದು ಎರಡು ಸಲ ಅಂದು ನೋಡಿ, "ಎತ್ತಿಗಿ ಇಡಾಕ ಛಲೋ ಹೆಸರು" ಎಂದ. ಅಲ್ಲಿಗೆ ಎಲ್ಲರಿಗೂ ನಗು ಬಂತು.

ಆಮೇಲೆ ಅವನ ಬಾಯಿ ಬಿಚ್ಚಿತು. ಆ ಮರ ಎಷ್ಟು ಎತ್ತರ, ಅದರ ನೆತ್ತಿಯೇ ಹೇಗೆ ಬಾಗಿರುತ್ತದೆ, ಮಂಜು ಬಿದ್ದಾಗ ಟೊಂಗೆಗಳು ಹೇಗೆ ಇನ್ನೂ ತಗ್ಗುತ್ತವೆ, ತೊಗಟೆ ಹೇಗೆ ಸೀಳಿರುತ್ತದೆ. ಮಾಸ್ತರು ಚಿಕ್ಕ ಹುಡುಗನ ಹಾಗೆ ಪ್ರಶ್ನೆ ಕೇಳುತ್ತಿದ್ದರು. "ಎಲಿ ತಿಕ್ಕಿದ್ರ ವಾಸನಿ ಹೆಂಗ?" "ಬುಡದಾಗ ಬ್ಯಾರೆ ಗಿಡಾ ಬೆಳೀತಾವೋ ಇಲ್ಲೋ?" "ಹೊಸಾ ಎಲಿ ಯಾವ ತಿಂಗಳ?" ಅವನು ಹೇಳುತ್ತಾ ಹೋದ, ಅವರು ಕೇಳುತ್ತಾ ಹೋದರು. ರೊಟ್ಟಿ ಬುತ್ತಿ ಅಲ್ಲಿಯೇ ಬಿಚ್ಚಿ ಉಂಡೆವು. ಅಂದು ಇಡೀ ಮಧ್ಯಾಹ್ನ ಅವನು ಮಾಸ್ತರ, ಅವರು ವಿದ್ಯಾರ್ಥಿ. ಹೊರಡುವ ಮುಂಚೆ ಚೌಕಟ್ಟಿನ ಗಾಜು ತೆಗೆದು, ಮೇಲೆ ಕಟ್ಟಿದ್ದ ದಾರ ಬಿಚ್ಚಿ, ಶಂಕುವನ್ನು ಅವನ ಕೈಯಿಂದಲೇ ಟೊಂಗೆಯ ತುದಿಗೆ ಕೆಳಮುಖವಾಗಿ ಕಟ್ಟಿಸಿದರು.

ಶಾಲೆಯಲ್ಲಿ ಹೊಸ ಚೀಟಿ ಅಂಟಿಸುವಾಗ ಹಳೆಯದನ್ನು 'ಕಿತ್ತುಬಿಡಲೇ' ಎಂದು ನನ್ನನ್ನು ಕೇಳಿದರು. ಧಾರವಾಡದ ಸಂಗ್ರಹದಲ್ಲಿ ತಪ್ಪು ಹೆಸರಿನ ಚೀಟಿಯನ್ನು ಕೀಳುವ ಪದ್ಧತಿಯಿಲ್ಲ, ಅದರ ಪಕ್ಕಕ್ಕೆ ಹೊಸದನ್ನು ಹಚ್ಚಿ ತಿದ್ದಿದವರ ಹೆಸರು ಬರೆಯುತ್ತಾರೆ ಎಂದೆ. ಅವರ ಮುಖ ಅರಳಿತು. "ತಪ್ಪನ್ನೂ ಕಾಯ್ದಿಡ್ತಾರ? ಭಾಳ ಶಾಣ್ಯಾ ಮಂದಿ" ಎಂದರು. ಹೊಸ ಚೀಟಿಯಲ್ಲಿ ಮರದ ಹೆಸರಿನ ಕೆಳಗೆ ಮೊದಲು ತಾಂಬಾದ ಸೈನಿಕನ ಹೆಸರು, ಆಮೇಲೆ ನನ್ನದು. ನಿವೃತ್ತಿಯ ದಿನ ಹಾರ ಹಾಕಿದಾಗ ಅವರು ಭಾಷಣ ಮಾಡಲಿಲ್ಲ. ಎಲ್ಲರನ್ನೂ ಆ ಎರಡು ಚೀಟಿಗಳ ಮುಂದೆ ಕರೆದೊಯ್ದು ನಿಲ್ಲಿಸಿದರು. ಅಂದು ಅಪ್ಪನೂ ಬಂದಿದ್ದ. ಚೀಟಿಯಲ್ಲಿ ನನ್ನ ಹೆಸರನ್ನು ಓದಿ, ಮಾಸ್ತರರ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತ.

ಆಮೇಲೆ ಅವರು ಹೆಚ್ಚು ವರ್ಷ ಬದುಕಲಿಲ್ಲ. ನಾನು ವಿಜಾಪುರದ ಕಾಲೇಜಿನಲ್ಲಿ ಕಲಿಸಲು ಸೇರಿದ ವರ್ಷವೇ ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ದಫನ್ ಆಗಿತ್ತು. ಹೆಗಲು ಕೊಟ್ಟವರಲ್ಲಿ ತಾಂಬಾದ ಆ ಸೈನಿಕನೂ ಇದ್ದನೆಂದು ಚಾಚಿ ಹೇಳಿದರು. ನಾನು ಅವರ ಪಕ್ಕದಲ್ಲಿ ಕೂತು ಮನಸಾರೆ ಅತ್ತೆ.

ಅದಾಗಿ ನಾಲ್ಕು ತಿಂಗಳಿಗೆ, ಮಳೆಗಾಲದಲ್ಲಿ, ತರಗತಿಯಲ್ಲಿ ನೆಗ್ಗಿಲು ಬಳ್ಳಿಯ ಪಾಠ ನಡೆದಿತ್ತು. ಎಲೆಗಳು ಎದುರುಬದುರು, ಜೋಡಿಯ ಎರಡೂ ಸಮ ಎಂದು ಹೇಳಿ ಹಲಗೆಯ ಮೇಲೆ ಚಿತ್ರ ಬರೆದೆ. ಚಂದದ ಚಿತ್ರ. ತಿರುಗಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಲು ಹೋಗಿ ಇಳಿಸಿದ್ದು ಕಂಡಿತು. ಕೊಲ್ಹಾರದ ಹುಡುಗಿ, ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ. ಗಂಟೆ ಬಾರಿಸುವ ಹೊತ್ತಾಗಿತ್ತು. ಬಿಟ್ಟುಬಿಡಬಹುದಿತ್ತು.

"ಏನವ್ವಾ, ಹೇಳು" ಎಂದೆ.

"ಏನಿಲ್ರಿ ಮೇಡಮ್."

ನಾನು ಸುಣ್ಣದ ಕಡ್ಡಿ ಕೆಳಗಿಟ್ಟು ಅವಳ ಬೆಂಚಿನವರೆಗೂ ಹೋದೆ. "ನೀ ಏನ ನೋಡೀದಿ ಅದನ್ನ ಹೇಳು. ನಾ ಏನ ಹೇಳೀನಿ ಅದನ್ನ ಬಿಡು."

ಅವಳು ಎದ್ದು ನಿಂತಳು. "ನಮ್ಮ ಹೊಲದಾಗ ಭಾಳ ಇರ್ತಾವ್ರಿ ಮೇಡಮ್. ಜೋಡಿ ಎಲಿ ಸಮ ಇರೂದಿಲ್ರಿ. ಒಂದು ದೊಡ್ಡದು, ಒಂದು ಸಣ್ಣದು. ನೀವು ತಪ್ಪು ಬರದೀರಿ."

ತರಗತಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಜವಾನನನ್ನು ಕಳಿಸಿ ಅಂಗಳದಿಂದ ಬಳ್ಳಿ ತರಿಸಿದೆ. ಒಂದು ದೊಡ್ಡದು, ಒಂದು ಸಣ್ಣದು. ಹಲಗೆಯ ಮೇಲಿನ ಚಿತ್ರದ ಪಕ್ಕದಲ್ಲಿ ಅವಳಿಂದಲೇ ಸರಿಯಾದದ್ದನ್ನು ಬರೆಸಿದೆ. ಆ ಸಂಜೆ ಖೋಲಿಗೆ ಬಂದವಳು ಹಿಗ್ಗು ತಾಳಲಾರದೆ ಒಂದು ಕಾರ್ಡು ತೆಗೆದು, "ಸರ್, ಇಂದು ನನ್ನ ವಿದ್ಯಾರ್ಥಿನಿಯೊಬ್ಬಳು ನನಗೆ ಇಲ್ಲ ಎಂದಳು" ಎಂದು ಬರೆದೆ. ವಿಳಾಸ ಬರೆಯಲು ಕಾರ್ಡು ತಿರುವಿದಾಗಲೇ ಅವರಿಲ್ಲವೆಂಬುದು ನೆನಪಾಯಿತು.